ಪಾಯಿಂಟಿನಲ್ಲಿ ಹೋದ ಬೆಂಗಳೂರು

ನನ್ನ ಓರಗಿತ್ತಿಯ ಮೇಲೆ ನನಗೆ ಹೊಟ್ಟೆಕಿಚ್ಚು. ಸುತ್ತಿ ಬಳಸಿ ಹೇಳುವುದಕ್ಕಿಂತ ಮೊದಲೇ ಹೇಳಿಬಿಡುವುದು ವಾಸಿ. ಅವಳ ಬಣ್ಣ, ಅವಳ ಸೀರೆ, ತಿರುಪ್ಪೂರಿನ ಬನಿಯನ್ ಕಂಪನಿಯ ಆಫೀಸಿನಲ್ಲಿ ಅವಳಿಗೆ ಬರುವ ಸಂಬಳ, ಇವು ಯಾವುದೂ ನನಗೆ ಬೇಡ. ಅವಳ ಪರ್ಸಿನಲ್ಲಿ ಒಂದು ನೀಲಿ ಕ್ರೆಡಿಟ್ ಕಾರ್ಡ್ ಇದೆ. ನಾನು ಕರೆದುಕೊಂಡು ಹೋಗಬೇಕಿದ್ದ ಅತ್ತೆಯನ್ನು ಅದು ನನ್ನೂರಿಗೇ ಕರೆದುಕೊಂಡು ಹೋಯಿತು.

ನಾನು ಬೆಂಗಳೂರಿನ ಕಬ್ಬನ್‌ಪೇಟೆಯವಳು, ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಗೆ ಸೊಸೆಯಾಗಿ ಬಂದವಳು. ನಮ್ಮದೂ ನೇಕಾರರ ಮನೆ, ಇವರದೂ ನೇಕಾರರ ಮನೆ. ಇವರ ಹಿರಿಯರು ಯಾವ ಕಾಲದಲ್ಲೋ ಕನ್ನಡನಾಡು ಬಿಟ್ಟು ಬಂದು ಈ ಕಡೆ ನೆಲೆ ನಿಂತರು. ನನ್ನ ಗಂಡನೂ ಮೈದುನನೂ ಮಗ್ಗ ಬಿಟ್ಟು ಪಂಪ್‌ಸೆಟ್ ವರ್ಕ್‌ಶಾಪ್ ನಡೆಸುತ್ತಾರೆ. ನಾನು ಇಲ್ಲೇ ಹತ್ತಿರದ ನೆಗಮಂ ಊರಿನ ಕೈಮಗ್ಗದ ಸೀರೆಗಳನ್ನು ಫೋನಿನಲ್ಲೇ ತೋರಿಸಿ ಬೆಂಗಳೂರಿನವರಿಗೆ ಮಾರುತ್ತೇನೆ. ಮನೆಯಲ್ಲಿ ಎಲ್ಲರೂ ಮಾತಾಡುವುದು ಕನ್ನಡವೇ. ಆದರೆ ಓದಲು ಬರುವುದು ನನಗೊಬ್ಬಳಿಗೆ. ಉಳಿದವರೆಲ್ಲ ತಮಿಳು ಶಾಲೆಯಲ್ಲಿ ಕಲಿತವರು.

ಅತ್ತೆ ನೆಗಮಂನಲ್ಲಿ ಮಗ್ಗದ ಪಕ್ಕ ಹುಟ್ಟಿ ಬೆಳೆದವರು. ಸಂಜೆ ಹೂ ಕಟ್ಟುತ್ತಾ ಕೂತರೆಂದರೆ ನಾನು ಕನ್ನಡದ ಕಥೆಯೊಂದನ್ನು ಓದಬೇಕು. ಕಥೆಯಲ್ಲಿ ಬೆಂಗಳೂರಿನ ಯಾವುದಾದರೂ ಬೀದಿ ಬಂತೋ, ಕೈಯಲ್ಲಿನ ನಾರು ನಿಲ್ಲುತ್ತಿತ್ತು. “ಅದು ಎಂಗಿರ್ತದೆ ಅಮ್ಮಿಣಿ?” ಎಂದು ಕೇಳುತ್ತಿದ್ದರು. ಈ ಕಡೆ ಹೆಣ್ಣುಮಕ್ಕಳನ್ನು ಮುದ್ದಿಗೆ ಹಾಗೆ ಕರೆಯುತ್ತಾರೆ. ನಮ್ಮ ಮನೆಯಲ್ಲಿ ಆ ಹೆಸರು ನನಗೆ ಮಾತ್ರ ಇತ್ತು. ನಾನು ಪುಸ್ತಕ ಮಡಿಸಿಟ್ಟು ಹೇಳಲು ಶುರು ಮಾಡುತ್ತಿದ್ದೆ. ಹೂವಿನ ಮಾರ್ಕೆಟ್ಟು, ಬೆಳಗಿನ ಚಳಿ, ದೋಸೆ ಹೋಟೆಲಿನ ಮುಂದಿನ ಸಾಲು, ಎಲ್ಲಿ ತಿರುಗಿದರೂ ಕನ್ನಡದ ಬೋರ್ಡು. ನಾನು ಹೇಳಿದ ಬೆಂಗಳೂರಿನಲ್ಲಿ ಟ್ರಾಫಿಕ್ ಇರಲಿಲ್ಲ, ಕಸ ಇರಲಿಲ್ಲ, ಮರಗಳು ಮಾತ್ರ ಬೇಕಾದಷ್ಟಿದ್ದವು.

ಅತ್ತೆ ಆ ಊರನ್ನು ನೋಡಿರಲಿಲ್ಲ. ಬಸ್ಸು ಈರೋಡು ದಾಟುವ ಮೊದಲೇ ಅವರಿಗೆ ವಾಂತಿ, ರೈಲಿನಲ್ಲೂ ಅದೇ ಕಥೆ. ಅದಕ್ಕೇ ನಮ್ಮ ಮದುವೆ ಇಲ್ಲಿ ನಡೆಯಿತು, ಮಾತುಕತೆಗೆ ಬೆಂಗಳೂರಿಗೆ ಬಂದವರು ಗಂಡಸರು ಮಾತ್ರ. ವಿಮಾನದಲ್ಲಾದರೆ ಮುಕ್ಕಾಲು ಗಂಟೆಯ ದಾರಿ, ನಾನೇ ಕರೆದುಕೊಂಡು ಹೋಗುತ್ತೇನೆ ಎಂದು ಮಾತು ಕೊಟ್ಟಿದ್ದೆ. ಮಾತು ಕೊಟ್ಟದ್ದು ಒಂದು ಸಲವಲ್ಲ, ಕಥೆ ಮುಗಿದಾಗಲೆಲ್ಲ. ಮೊದಲ ಸಲ ಆ ಬೋರ್ಡುಗಳನ್ನು ನೋಡುವಾಗ ಅತ್ತೆಯ ಪಕ್ಕದಲ್ಲಿ ನಿಂತು ಒಂದೊಂದನ್ನೂ ಓದಿ ಹೇಳಬೇಕು, ಅದು ನನ್ನ ಆಸೆ.

ಕಾರ್ಡು ತೆಗೆದುಕೊಂಡದ್ದು ನಾವಿಬ್ಬರೂ ಒಂದೇ ದಿನ. ಆರ್.ಎಸ್. ಪುರಂನ ಬಟ್ಟೆ ಅಂಗಡಿಯ ಬಾಗಿಲಲ್ಲಿ ಬ್ಯಾಂಕಿನ ಹೆಂಗಸೊಬ್ಬಳು ಮೇಜು ಹಾಕಿಕೊಂಡು ಕೂತಿದ್ದಳು. ಎರಡು ಥರ ಇದೆ ಎಂದಳು. ಒಂದರಲ್ಲಿ ಖರ್ಚು ಮಾಡಿದ್ದರ ಒಂದು ಪಾಲು ತಿರುಗಿ ಬರುತ್ತದೆ, ಬಿಲ್ಲಿನಲ್ಲೇ ಕಳೆಯುತ್ತಾರೆ. ಇನ್ನೊಂದರಲ್ಲಿ ಪಾಯಿಂಟು ಸೇರುತ್ತದೆ, ಅದು ವಿಮಾನದ ಟಿಕೆಟ್ಟಿಗೂ ಹೋಟೆಲಿಗೂ ಆಗುತ್ತದೆ. ಅದಕ್ಕೆ ವರ್ಷಕ್ಕೊಮ್ಮೆ ಶುಲ್ಕ ಬೇರೆ. ಸುಮ್ಮನೆ ಬಿಟ್ಟರೆ ಪಾಯಿಂಟು ರದ್ದಾಗುತ್ತದೆ. ಇದರಲ್ಲಿ ಯೋಚಿಸುವುದೇನಿದೆ ಎಂದು ನಾನು ಕ್ಯಾಶ್‌ಬ್ಯಾಕ್ ಕಾರ್ಡಿಗೆ ಸಹಿ ಹಾಕಿದೆ. ಓರಗಿತ್ತಿ ಪಾಯಿಂಟಿನದ್ದು ತೆಗೆದುಕೊಂಡಳು. ಶುಲ್ಕ ಕೊಟ್ಟು ಗಾಳಿ ಕೊಂಡುಕೊಂಡಳು ಎಂದು ನಾನು ಆ ದಿನ ಊಟಕ್ಕೆ ಕೂತಾಗ ಎಲ್ಲರ ಮುಂದೆ ನಗಾಡಿದೆ. ಅವಳೂ ನಕ್ಕಳು.

ಮನೆಯ ರೇಷನ್ನು, ಕರೆಂಟು, ಗ್ಯಾಸು, ನನ್ನ ಸೀರೆಗಳ ಕೊರಿಯರ್, ಎಲ್ಲ ನನ್ನ ಕಾರ್ಡಿನಲ್ಲೇ ನಡೆಯಿತು. ತಿಂಗಳ ಕೊನೆಗೆ ಇಷ್ಟು ತಿರುಗಿ ಬಂತು ಎಂದು ಮೆಸೇಜು ಬಂದರೆ ಗಂಡನಿಗೆ ತೋರಿಸುತ್ತಿದ್ದೆ. ಆ ದುಡ್ಡು ಎಲ್ಲಿ ಎಂದು ಅವರು ಕೇಳಿದರೆ ತೋರಿಸಲು ಏನೂ ಇರುತ್ತಿರಲಿಲ್ಲ. ಬಿಲ್ಲು ಅಷ್ಟು ಕಮ್ಮಿಯಾಯಿತು, ಅಷ್ಟೇ. ಆ ಕಮ್ಮಿಯಾದದ್ದು ಮುಂದಿನ ತಿಂಗಳ ಎಣ್ಣೆಯಲ್ಲೋ ಸೋಪಿನಲ್ಲೋ ಕರಗಿಹೋಗುತ್ತಿತ್ತು. ಅತ್ತೆಯ ಟಿಕೆಟ್ಟಿಗೆಂದು ಬೇರೆ ತೆಗೆದಿಡೋಣ ಎಂದುಕೊಳ್ಳುತ್ತಿದ್ದೆ. ಏನನ್ನು ತೆಗೆದಿಡುವುದು? ಕೈಗೆ ಬಂದದ್ದೇ ಇಲ್ಲವಲ್ಲ.

ಓರಗಿತ್ತಿ ಅತ್ತ ಆಫೀಸಿನವರ ಖರ್ಚನ್ನೆಲ್ಲ ತನ್ನ ಕಾರ್ಡಿನಲ್ಲೇ ಉಜ್ಜುತ್ತಿದ್ದಳು. ಯಾರದೋ ಫ್ರಿಜ್ಜು, ಯಾರದೋ ಮಗಳ ಕಾಲೇಜು ಫೀಸು. ಅವರು ಅಲ್ಲೇ ಅವಳ ಖಾತೆಗೆ ಹಣ ಹಾಕುತ್ತಿದ್ದರು. ಊರವರ ಭಾರವೆಲ್ಲ ಇವಳ ತಲೆ ಮೇಲೆ ಎಂದು ನಾನು ಆಡಿಕೊಂಡೆ. ಅವಳ ಪಾಯಿಂಟು ಮಾತ್ರ ಎಣ್ಣೆಯಾಗಲಿಲ್ಲ, ಸೋಪಾಗಲಿಲ್ಲ. ಅದಕ್ಕೆ ವಿಮಾನ ಹತ್ತುವುದು ಬಿಟ್ಟು ಬೇರೆ ಕೆಲಸವೇ ಗೊತ್ತಿರಲಿಲ್ಲ.

ಒಂದು ಭಾನುವಾರ ಅವಳು ಇಡ್ಲಿ ತಟ್ಟೆ ಹಿಡಿದುಕೊಂಡೇ ಹೇಳಿದಳು. “ಅಕ್ಕಾ, ಪಾಯಿಂಟು ಈ ಮಾಸಕ್ಕೆ ಮುಗ್ದೋಗ್ತದೆ. ಬೆಂಗಳೂರಿಗೆ ಎರಡು ಟಿಕೆಟ್ ಬರ್ತದೆ. ಅತ್ತೇನ ಕೂಟ್ಕೊಂಡು ಹೋಗ್ಬರ್ಲಾ?”

ಬೆಂಗಳೂರು ಎಂಬ ಮಾತು ಅವಳ ಬಾಯಲ್ಲಿ ಬಂದದ್ದೇ ನನಗೆ ಕಳ್ಳತನದಂತೆ ಕೇಳಿಸಿತು. ನೀವೂ ಬನ್ನಿ, ನಿಮ್ಮದೊಂದು ಟಿಕೆಟ್ ಮಾತ್ರ ದುಡ್ಡು ಕೊಟ್ಟು ತೆಗೆದುಕೊಳ್ಳೋಣ ಎಂದೂ ಅವಳು ಕರೆದಳು. ನನ್ನೂರಿಗೆ ಅವಳ ಪಾಯಿಂಟಿನ ಬಾಲ ಹಿಡಿದುಕೊಂಡು ನಾನು ಹೋಗಬೇಕೇ? ಸೀರೆ ಪಾರ್ಸಲ್ ತುಂಬ ಇದೆ ಎಂದು ಸುಳ್ಳು ಹೇಳಿದೆ. ಅತ್ತೆ ನನ್ನ ಮುಖವನ್ನೊಮ್ಮೆ ನೋಡಿದರು. ಬೇಡ, ಹೋದರೆ ಅಮ್ಮಿಣಿಯ ಜೊತೆಯೇ ಹೋಗುತ್ತೇನೆ ಎಂದು ಅವರು ಹೇಳಲಿ ಎಂದು ಕಾದೆ. ಅವರು ಯಾವ ಸೀರೆ ಉಡಲಿ ಎಂದು ಕೇಳಿದರು.

ಅವರು ಹೋದ ಎರಡು ದಿನವೂ ನಾನು ಫೋನನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಓಡಾಡಿದೆ. ಇಬ್ಬರಿಗೂ ಕನ್ನಡ ಓದಲು ಬರುವುದಿಲ್ಲ, ಬೋರ್ಡಿನ ಮುಂದೆ ನಿಂತು ನನಗೆ ಫೋನು ಮಾಡಿಯೇ ಮಾಡುತ್ತಾರೆ, ಆಗ ಇಲ್ಲಿಂದಲೇ ಓದಿ ಹೇಳುತ್ತೇನೆ ಎಂದು ಲೆಕ್ಕ ಹಾಕಿದ್ದೆ. ಫೋನು ಬರಲಿಲ್ಲ. ಫೋಟೋ ಬಂದವು. ವಿಮಾನದ ಕಿಟಕಿಯ ಪಕ್ಕ ಅತ್ತೆ, ಹೂವಿನ ರಾಶಿಯ ಮುಂದೆ ಅತ್ತೆ, ದೋಸೆಯ ಮುಂದೆ ಅತ್ತೆ. ಒಂದರಲ್ಲಿ ನಾನು ಓದಿದ ಸ್ಕೂಲಿನ ಬೀದಿ ಕಂಡಿತು. ಅಡುಗೆಮನೆಯಲ್ಲಿ ನಿಂತು ಅದನ್ನು ದೊಡ್ಡದು ಮಾಡಿ ನೋಡಿದೆ. ಹೊಟ್ಟೆ ಉರಿಯುತ್ತದೆ ಎಂದು ಬರೆಯುತ್ತಾರಲ್ಲ, ಅದು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ.

ತಿರುಗಿ ಬಂದ ಅತ್ತೆ ಚಪ್ಪಲಿ ಬಿಡುವುದಕ್ಕೂ ಮೊದಲು ವಾಂತಿಯಾಗಲಿಲ್ಲವೇ ಎಂದು ಕೇಳಿದೆ. ಆಯಿತು ಎನ್ನಲಿ ಎಂದು ಒಳಗೇ ಆಸೆಪಟ್ಟಿದ್ದೆ. ಏನೂ ಆಗಲಿಲ್ಲವಂತೆ, ತೊಟ್ಟಿಲಲ್ಲಿ ಕೂತ ಹಾಗಿತ್ತಂತೆ. ಬೋರ್ಡುಗಳನ್ನು ಯಾರು ಓದಿ ಹೇಳಿದರು ಎಂದು ಕೇಳಿದೆ. ಓರಗಿತ್ತಿ ಫೋನಿನ ಕ್ಯಾಮರಾ ಹಿಡಿದರೆ ಸಾಕಂತೆ, ಫೋನೇ ಗಟ್ಟಿಯಾಗಿ ಓದಿ ಹೇಳುತ್ತದಂತೆ. ಅದನ್ನು ಕೇಳಿ ನನಗೆ ಆ ಫೋನಿನ ಮೇಲೂ ಹೊಟ್ಟೆಕಿಚ್ಚಾಯಿತು.

ಅತ್ತೆ ಸೆರಗಿನ ಗಂಟು ಬಿಚ್ಚಿ ಸಕ್ಕರೆಯ ಚಿಕ್ಕ ಚಿಕ್ಕ ಪೊಟ್ಟಣಗಳನ್ನು ನನ್ನ ಕೈಗೆ ಸುರಿದರು. ವಿಮಾನ ನಿಲ್ದಾಣದಲ್ಲಿ ಅವಳ ಕಾರ್ಡಿಗೆ ಸೋಫಾ ಹಾಕಿದ ಕೋಣೆಯೊಂದಿದೆ, ಕಾಫಿ, ತಿಂಡಿ ಎಲ್ಲ ಬಿಟ್ಟಿ, ನಿನಗೆಂದು ತಂದೆ ಎಂದರು. ಅವರ ಪ್ರೀತಿಯಲ್ಲಿ ಏನೂ ಕಮ್ಮಿಯಾಗಿರಲಿಲ್ಲ. ಆದರೂ ಆ ಸಕ್ಕರೆಯನ್ನು ನಾನು ಕಾಫಿಗೆ ಹಾಕಲಿಲ್ಲ. ಇನ್ನೂ ಡಬ್ಬಿಯಲ್ಲಿದೆ.

ಆಮೇಲೆ ಹಟ ಬಂತು. ಪ್ರತಿ ತಿಂಗಳು ಕ್ಯಾಶ್‌ಬ್ಯಾಕ್ ಎಷ್ಟು ಬಂತೋ ಅಷ್ಟು ಹಣವನ್ನು ಮನೆಖರ್ಚಿನಿಂದ ಎತ್ತಿ ಬೇರೆ ಖಾತೆಗೆ ಹಾಕಿದೆ. ಕೊರತೆ ಬಿದ್ದರೆ ಸೀರೆಯ ಲಾಭವನ್ನೂ ಸೇರಿಸಿದೆ. ಇಬ್ಬರ ಟಿಕೆಟ್ಟಿಗೆ ಆಗುವಷ್ಟಾದ ದಿನ ಅತ್ತೆಯ ಪಕ್ಕ ಕೂತು, ಈ ಸಲ ನನ್ನ ಜೊತೆ ಬನ್ನಿ, ನಮ್ಮ ಬೀದಿ ತೋರಿಸುತ್ತೇನೆ ಎಂದೆ.

ಅತ್ತೆ ನನ್ನ ಕೈ ಸವರಿದರು. “ನೋಡಿ ಆಯ್ತಲ್ಲ ಅಮ್ಮಿಣಿ. ಒಂದು ದಪಾ ಸಾಕು. ಆ ಕಾಸಿನಾಗೆ ನಿಂಗೊಂದು ಬಳೆ ಮಾಡಿಸ್ಕೋ.”

ನಾನು ಒತ್ತಾಯ ಮಾಡಲಿಲ್ಲ. ಮೊದಲ ಸಲ ಎನ್ನುವುದು ಯಾವ ಕಾರ್ಡಿನಲ್ಲೂ ತಿರುಗಿ ಬರುವುದಿಲ್ಲ. ಹೂವಿನ ಬುಟ್ಟಿ ಎಳೆದುಕೊಂಡು ಅವರು ಓದು ಎಂದರು, ನಾನು ಪುಸ್ತಕ ತೆಗೆದೆ. ಆವತ್ತಿನ ಕಥೆಯಲ್ಲಿ ಒಬ್ಬಳು ಮುಂಜಾನೆ ಹೂವಿನ ಮಾರ್ಕೆಟ್ಟಿನ ಮೆಟ್ಟಿಲು ಇಳಿಯುತ್ತಾಳೆ. ನಾನು ಬೇಕೆಂದೇ ಅಲ್ಲಿ ನಿಲ್ಲಿಸಿದೆ. ಬೆರಳನ್ನು ಪುಟದ ನಡುವೆ ಇಟ್ಟು, ಎಂಗಿರ್ತದೆ ಎಂದು ಅವರು ಕೇಳಲಿ ಎಂದು ಕಾದೆ. ಅವರ ಕೈಯಲ್ಲಿನ ನಾರು ನಿಲ್ಲಲಿಲ್ಲ.

“ಯಾಕೆ ನಿಲ್ಲಿಸ್ದೆ?” ಎಂದರು. “ಅದು ನಂಗೆ ಗೊತ್ತು, ನೋಡೀನಲ್ಲ. ನೀ ಮುಂದಕ್ಕೆ ಓದು.”

ನಾನು ಮುಂದಕ್ಕೆ ಓದಿದೆ.