ಒಲೆ ಮೇಷ್ಟ್ರು ಕೊಟ್ಟ ತೀರ್ಪು

ಒಲೆ ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕಬ್ಬಿಣದ ಸೌದೆ ಒಲೆ ರಿಪೇರಿ ಮಾಡುವುದು ಅವರ ಕಸುಬು. ಚಳಿಯ ಊರು ಅದು. ಒಂದೊಂದು ಮನೆಯ ನಡುಮನೆಯಲ್ಲೂ ಅಂಥದೊಂದು ಒಲೆ, ಮುಂದೆ ಗಾಜಿನ ಬಾಗಿಲು, ಮೇಲೆ ಸೂರು ದಾಟಿ ಹೋಗುವ ಹೊಗೆ ಕೊಳವೆ. ಮೇಷ್ಟ್ರು ಅನ್ನುವ ಹೆಸರು ಬಂದದ್ದು ಅವರ ಬಾಯಿಯ ದೆಸೆಯಿಂದ. ರಿಪೇರಿ ಮುಗಿಸಿ ಸುಮ್ಮನೆ ಎದ್ದು ಬರುವ ಜಾಯಮಾನವೇ ಅವರದಲ್ಲ. ಹಸಿ ಸೌದೆ ಯಾಕೆ ತುಂಬಿದಿರಿ, ಬೂದಿ ಯಾಕೆ ಬಾಚಿಲ್ಲ, ಗಾಳಿಕಂಡಿಗೆ ಯಾಕೆ ಬಟ್ಟೆ ತುರುಕಿದಿರಿ ಅಂತ ಮನೆಮಂದಿಯನ್ನೆಲ್ಲ ಎದುರು ನಿಲ್ಲಿಸಿಕೊಂಡು ಅರ್ಧ ಗಂಟೆ ಕೊರೆದೇ ಬರಬೇಕು. "ಅವರು ಪಾಪ ಚಳೀಲಿ ನಡುಗ್ತಾ ನಿಂತಿರ್ತಾರೆ, ನಿಮ್ಮ ಪಾಠ ಮುಗಿಯೋ ಹೊತ್ತಿಗೆ ಬೇಸಿಗೆ ಬಂದಿರುತ್ತೆ" ಅಂತ ಹೆಂಡತಿ ಗೇಲಿ ಮಾಡುತ್ತಿದ್ದಳು. ಮೇಷ್ಟ್ರಿಗೆ ಅದೂ ಹೊಗಳಿಕೆಯ ಹಾಗೇ ಕೇಳಿಸುತ್ತಿತ್ತು.

ಬಾಯಿ ದೊಡ್ಡದು ನಿಜ, ಆದರೆ ಕೆಲಸದಲ್ಲಿ ಎತ್ತಿದ ಕೈ, ಅದನ್ನೂ ಹೇಳಬೇಕು. ಅದರಲ್ಲೂ ಗಾಜಿನ ವಿಷಯಕ್ಕೆ ಬಂದರೆ ಅವರನ್ನು ಮೀರಿಸುವವರಿರಲಿಲ್ಲ. ಒಡೆದ ಗಾಜು ನೋಡಿದರೆ ಸಾಕು, ಯಾಕೆ ಒಡೆಯಿತು ಅಂತ ಹೇಳಿಬಿಡುತ್ತಿದ್ದರು. ಪೆಟ್ಟು ಬಿದ್ದು ಒಡೆದಿದ್ದರೆ ಪೆಟ್ಟು ತಗುಲಿದ ಜಾಗದಲ್ಲೊಂದು ಚುಕ್ಕಿ, ಅಲ್ಲಿಂದ ನಾಲ್ಕು ಕಡೆಗೂ ಗೆರೆ. ತಿರುಪು ಅತಿಯಾಗಿ ಬಿಗಿದು ಸೀಳಿದ್ದರೆ ಚುಕ್ಕಿಯೇ ಇಲ್ಲ. ಅಂಚಿನಲ್ಲಿ, ತಿರುಪಿನ ಬುಡದಿಂದ ಹೊರಟ ಒಂದೇ ಗೆರೆ. ಬಿಸಿಗೆ ಕಬ್ಬಿಣ ಹಿಗ್ಗುತ್ತದೆ, ಒಲೆಯ ಗಾಜು ಹಿಗ್ಗುವುದಿಲ್ಲ. ಅದಕ್ಕೇ ಗಾಜಿನ ಸುತ್ತ ಬೆಂಕಿಗೆ ಸುಡದ ಮೆತ್ತನೆಯ ನಾರಿನ ಹುರಿ ಕೂರಿಸಿ, ತಿರುಪನ್ನು ಬೆರಳಲ್ಲಿ ಆದಷ್ಟು ತಿರುಗಿಸಿ, ಮತ್ತೆ ಕಾಲು ಸುತ್ತು ಹಿಂದಕ್ಕೆ ಬಿಡಬೇಕು. "ಗಾಜಿಗೆ ಉಸಿರಾಡೋಕೆ ಜಾಗ ಬಿಡ್ರಪ್ಪಾ" ಅನ್ನುವುದೇ ಅವರ ಪಾಠದ ಮೊದಲ ಸಾಲು.

ಇಷ್ಟೆಲ್ಲ ಗೊತ್ತಿದ್ದ ಮನುಷ್ಯನೇ ಸ್ವಂತ ಅಕ್ಕನ ಮನೆಯ ಒಲೆ ಗಾಜನ್ನು ಕೈಯಾರೆ ಒಡೆದದ್ದು. ಒಡೆದದ್ದು ಹಾಳಾಗಿ ಹೋಗಲಿ, ಆ ತಪ್ಪನ್ನು ಒಯ್ದು ಇನ್ನೊಬ್ಬಳ ತಲೆಗೆ ಕಟ್ಟಿದರಲ್ಲ, ಅದಕ್ಕೇನು ಹೇಳೋಣ?

ಅಕ್ಕನೇ ಅವರನ್ನು ಸಾಕಿದವಳು. ತಾಯಿ ಹೋದಾಗ ಇವರಿಗೆ ಆರು ವರ್ಷ, ಅವಳಿಗೆ ಹದಿನೈದು. ತಲೆ ಬಾಚಿ, ಮೂಗು ಒರೆಸಿ, ಜ್ವರ ಬಂದಾಗ ಮಡಿಲಲ್ಲಿ ಮಲಗಿಸಿಕೊಂಡು ದೊಡ್ಡವನನ್ನಾಗಿ ಮಾಡಿದಳು. ಈಗ ಎರಡು ಬೀದಿ ಆಚೆ ಅವಳ ಮನೆ. ಮಗ ದೂರದ ಬಸ್ಸಿನ ಡ್ರೈವರ್, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಸೊಸೆ ಬಂದು ಆಗಿನ್ನೂ ಐದು ತಿಂಗಳು. ಹೊಲಿಗೆ ಅಂಗಡಿಯಲ್ಲಿ ಕೆಲಸ, ಮಾತು ಕಡಿಮೆ, ಕೇಳಿದ್ದಕ್ಕಷ್ಟೇ ಉತ್ತರ. ಅಕ್ಕ ಕೆಟ್ಟವಳೇನಲ್ಲ, ಆದರೆ ಖಡಕ್ಕು. ಒಮ್ಮೆ ಮನಸ್ಸಿನಲ್ಲಿ ಕೂತದ್ದು ಏಳುವುದಿಲ್ಲ. ತಮ್ಮನ ಮಾತೆಂದರಂತೂ ಅವಳಿಗೆ ಅದರ ಮೇಲೆ ಇನ್ನೊಂದು ಮಾತಿಲ್ಲ.

ಒಂದು ದಿನ ಅಕ್ಕ ಕರೆಸಿದಳು. "ಲೋ, ಬಾಗಿಲು ಹಾಕಿದಾಗಲೆಲ್ಲ ಗಾಜು ಗಡಗಡ ಅನ್ನುತ್ತೆ ಕಣೋ. ತಲೆ ಚಿಟ್ಟುಹಿಡಿದು ಹೋಯ್ತು."

ಮೇಷ್ಟ್ರು ನೋಡಿದರು. ಹುರಿ ಸವೆದು ಚಪ್ಪಟೆಯಾಗಿತ್ತು. ಹೊಸ ಹುರಿ ಹಾಕಬೇಕು, ಚೀಲದಲ್ಲಿ ಇರಲಿಲ್ಲ. ಮನೆಗೆ ಹೋಗಿ ತರಲು ಹತ್ತು ನಿಮಿಷ ಸಾಕಿತ್ತು. ಅಕ್ಕನ ಮನೆ ತಾನೇ, ಯಾವಾಗಲಾದರೂ ಬಂದು ಹಾಕಿದರಾಯ್ತು ಅಂದುಕೊಂಡು, ಸದ್ಯಕ್ಕೆ ನಾಲ್ಕೂ ತಿರುಪಿಗೆ ಅರ್ಧರ್ಧ ಸುತ್ತು ಬಿಗಿದರು. ಸದ್ದು ನಿಂತುಹೋಯಿತು. "ನೋಡ್ದ್ಯಾ, ನನ್ನ ತಮ್ಮ ಕೈ ಇಟ್ರೆ ಮುಗೀತು" ಅಂತ ಅಕ್ಕ ಸೊಸೆಯತ್ತ ತಿರುಗಿ ಬೀಗಿದಳು. ಆ ಹೊಗಳಿಕೆಯಲ್ಲಿ ಹುರಿಯ ವಿಷಯ ಮೇಷ್ಟ್ರಿಗೆ ಮರೆತೇಹೋಯಿತು.

ಹನ್ನೊಂದು ದಿನಕ್ಕೆ ಮತ್ತೆ ಫೋನು. ಗಾಜು ಬಿರುಕು ಬಿಟ್ಟಿದೆ.

ಮೇಷ್ಟ್ರು ಹೋದಾಗ ಒಲೆ ಇನ್ನೂ ಬಿಸಿಯಿತ್ತು. ಮಫ್ಲರ್ ಕೂಡ ಬಿಚ್ಚದೆ, ಬಗ್ಗಿ ಒಂದು ನೋಟ ನೋಡಿದರು. ಗಾಜಿನ ತುಂಬ ಮಸಿ. ಎಡಮೂಲೆಯಿಂದ ಮೇಲಕ್ಕೆ ಓರೆಯಾಗಿ ಬಿರುಕು. ನಡುವೆಲ್ಲೋ ಒಂದು ಕಪ್ಪು ಚುಕ್ಕಿ. ಪಕ್ಕದಲ್ಲಿ ಒಲೆಗೆ ಹಿಡಿಸದಷ್ಟು ಉದ್ದದ ಒಂದು ಸೌದೆ ಬಿದ್ದಿತ್ತು. ಬೆಂಕಿ ಹಾಕಿದ್ದು ಯಾರು ಅಂತ ಕೇಳಿದರು. ಸೊಸೆ ತಾನೇ ಅಂದಳು. ಆ ಗಳಿಗೆಯಲ್ಲಿ ತಿರುಪಿನ ನೆನಪು ಅವರ ಮನಸ್ಸಿನ ಮೂಲೆಯಲ್ಲಿ ಚುಚ್ಚದೇ ಇರಲಿಲ್ಲ. ಚುಚ್ಚಿತು. ಅವರು ಅದನ್ನು ಅತ್ತ ತಳ್ಳಿದರು. ಒಲೆ ಆರುವ ತನಕ ಕಾದು, ಬಾಗಿಲು ಬಿಚ್ಚಿ, ಒರೆಸಿ ನೋಡಿ ಆಮೇಲೆ ಬಾಯಿ ತೆಗೆಯುವುದು ಅವರೇ ಊರಿಗೆಲ್ಲ ಹೇಳಿಕೊಟ್ಟ ಕ್ರಮ. ಆವತ್ತು ಅದನ್ನು ಮಾಡಲಿಲ್ಲ.

"ಪೆಟ್ಟು ಬಿದ್ದಿದೆ ಅಕ್ಕ. ನೋಡು, ಚುಕ್ಕಿ ಕಾಣ್ತಿದೆಯಲ್ಲ? ಉದ್ದದ ಸೌದೆ ತುರುಕಿ ಬಾಗಿಲು ಹಾಕಿದಾರೆ" ಅಂದರು.

"ಇಲ್ಲ ಮಾವ, ನಾನು ಆ ಸೌದೆ ಹಾಕ್ಲೇ ಇಲ್ಲ. ಉದ್ದ ಇದೆ ಅಂತ ಪಕ್ಕಕ್ಕಿಟ್ಟೆ" ಅಂದಳು ಸೊಸೆ.

"ಹಾಗಾದ್ರೆ ಅವನು ಸುಳ್ಳು ಹೇಳ್ತಾನಾ?" ಅಂದಳು ಅಕ್ಕ.

ಅಲ್ಲಿಗೆ ಮುಗಿಯಿತು. ಮೇಷ್ಟ್ರು ಉದ್ದದ ಸೌದೆಯಿಂದ ಆಗುವ ಅನಾಹುತಗಳ ಮೇಲೆ ಒಂದು ಪಾಠವನ್ನೂ ಬಿಗಿದು, ರಟ್ಟಿನ ಮೇಲೆ ಗಾಜಿನ ಅಳತೆ ಗೀಚಿಕೊಂಡು, ಹೊಸ ಗಾಜು ಬರುವ ತನಕ ಒಲೆ ಹಚ್ಚಬೇಡಿ ಅಂತ ಹೇಳಿ ಹೊರಟರು.

ಗಾಜು ಬರಲು ಮೂರು ವಾರ ಹಿಡಿಯಿತು. ಆ ಮೂರು ವಾರವೂ ಮನೆಯವರು ಸ್ವೆಟರಿನ ಮೇಲೆ ಸ್ವೆಟರ್ ಹಾಕಿಕೊಂಡು, ಒಂದೇ ಕೋಣೆಯಲ್ಲಿ ಮುದುಡಿಕೊಂಡು ಕಳೆದರು. ಚಳಿ ಹೆಚ್ಚಾದಷ್ಟೂ ಅಕ್ಕನ ಕೋಪವೂ ಹೆಚ್ಚಿತು. ಬಂದವರು ಹೋದವರಿಗೆಲ್ಲ "ನಮ್ಮ ಸೊಸೆ ಕೈಚಳಕ" ಅಂತ ಒಲೆ ತೋರಿಸಿ ಹೇಳಿದಳು.

ಹೊಸ ಗಾಜು ಕೂರಿಸಿದ ದಿನ ಅಕ್ಕ ಅಂಗಡಿಗೆ ಹೋಗಿದ್ದಳು. ಸೊಸೆ ಟಾರ್ಚ್ ಹಿಡಿದು ಪಕ್ಕದಲ್ಲಿ ಕೂತಿದ್ದಳು. ಮೇಷ್ಟ್ರು ಬಾಗಿಲು ಬಿಚ್ಚಿ, ಹಳೇ ಪೇಪರಿನ ಮೇಲೆ ಮಲಗಿಸಿ, ಎಣ್ಣೆ ಬಿಟ್ಟು ತಿರುಪು ತೆಗೆದರು. ಎಡಮೂಲೆಯ ತಿರುಪು ಬರಲೊಲ್ಲದು, ಎರಡು ಕೈ ಹಾಕಿ ತಿರುಗಿಸಬೇಕಾಯಿತು. ಒದ್ದೆ ಬಟ್ಟೆಯಿಂದ ಮಸಿ ಒರೆಸಿದರು. ನಡುವಿನ ಚುಕ್ಕಿ ಬಟ್ಟೆಯ ಜೊತೆಗೇ ಅಳಿಸಿಹೋಯಿತು. ಅದು ಬರೀ ಮಸಿ! ಗೆರೆ ಶುರುವಾದದ್ದು ಎಡಮೂಲೆಯ ತಿರುಪಿನ ಬುಡದಿಂದ, ಒಂದೇ ಗೆರೆ.

"ಏನಾದ್ರೂ ಗೊತ್ತಾಯ್ತಾ ಮಾವ?" ಅಂತ ಕೇಳಿದಳು ಸೊಸೆ. ಅವಳ ದನಿಯಲ್ಲಿ ಆಸೆಯಿತ್ತು.

"ಏನಿಲ್ಲ. ಮಸಿ" ಅಂದರು ಮೇಷ್ಟ್ರು.

ಅಕ್ಕ ಬರುವಷ್ಟರಲ್ಲಿ ಹೊಸ ಹುರಿ, ಹೊಸ ಗಾಜು ಕೂತಿತ್ತು, ಕಾಲು ಸುತ್ತು ಹಿಂದಕ್ಕೆ ಬಿಟ್ಟು. ಹಳೇ ಗಾಜಿನ ಎರಡು ಹೋಳನ್ನು ಪೇಪರಿನಲ್ಲಿ ಸುತ್ತಿ ತಾವೇ ಒಯ್ದು ಗುಜರಿಗೆ ಎಸೆದರು. ನಾಳೆ ಹೇಳಿದರಾಯ್ತು ಅಂದುಕೊಂಡರು. ಮಾರನೇ ದಿನ ಹೋದಾಗ ಅಕ್ಕ ನೆರೆಯವಳ ಎದುರು ಇವರನ್ನೇ ಹೊಗಳುತ್ತಿದ್ದಳು, ನಾಲಿಗೆ ಹೊರಳಲಿಲ್ಲ. ಆಮೇಲೆ ಹಬ್ಬಿದ ಮಾತು ತಣ್ಣಗಾಗಲಿ ಅಂತ ಕಾದರು. ಹೀಗೇ ನಾಲ್ಕು ವರ್ಷ ಆಯಿತು ಅಂದರೆ ನಂಬುತ್ತೀರಾ? ಊರವರಿಗೆಲ್ಲ ಅರ್ಧ ಗಂಟೆ ಪಾಠ ಹೇಳುವ ಬಾಯಿ, ನಾಲ್ಕು ಮಾತು ಹೇಳಲಾರದೆ ನಾಲ್ಕು ವರ್ಷ ಮುಚ್ಚಿಕೊಂಡಿತ್ತು.

ಗಾಜು ಹೊಸದಾಯಿತು, ಸೊಸೆಯ ಹಣೆಗೆ ಹಚ್ಚಿದ್ದು ಮಾತ್ರ ಹೋಗಲಿಲ್ಲ. ಅಕ್ಕ ಒಲೆಯನ್ನು ಸೊಸೆಗೆ ಮುಟ್ಟಗೊಡಲಿಲ್ಲ. ಹಚ್ಚುವುದು, ಸೌದೆ ಹಾಕುವುದು, ಬೂದಿ ತೆಗೆಯುವುದು ಎಲ್ಲ ತಾನೇ. ಮೂರನೇ ವರ್ಷ ಮಗು ಹುಟ್ಟಿತು. ಒಂದು ಬೆಳಿಗ್ಗೆ ಮೇಷ್ಟ್ರು ಕೆಲಸಕ್ಕೆ ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ಇಣುಕಿದರು. ಸೊಸೆ ಆರಿದ ಒಲೆಯ ಮುಂದೆ ಕೂತಿದ್ದಳು. ಮಗು ಅವಳ ಕೋಟಿನೊಳಗೆ, ಮೂಗಿನ ತುದಿ ಕೆಂಪಗಾಗಿತ್ತು. ಒಣಗಿದ ಸೌದೆ ಕೈಗೆಟುಕುವಲ್ಲಿ, ಬೆಂಕಿಪೊಟ್ಟಣ ಗೂಡಿನಲ್ಲಿ.

"ಹಚ್ಚಬಾರದೇನಮ್ಮ?" ಅಂದರು.

"ಅತ್ತೆ ಇನ್ನೂ ಎದ್ದಿಲ್ಲ ಮಾವ" ಅಂದಳು. ದೂರಿನ ದನಿಯಲ್ಲಿ ಹೇಳಿದ್ದರೆ ಮೇಷ್ಟ್ರು ಹೇಗೋ ತಡೆದುಕೊಳ್ಳುತ್ತಿದ್ದರು. ಅವಳು ಗಂಟೆ ಎಷ್ಟು ಅಂತ ಹೇಳಿದ ಹಾಗೆ ಹೇಳಿದಳು. ತಾವೇ ಒಲೆ ಹಚ್ಚಿಕೊಟ್ಟು ಹೊರಟರು. ಬೀದಿಯಲ್ಲಿ ನಾಚಿಕೆಯಿಂದ ಅವರ ಕಣ್ಣು ತುಂಬಿತು. ಆದರೂ ಹೇಳಲಿಲ್ಲ, ನೋಡಿ. ಸಾಕಿದ ಅಕ್ಕನ ಕಣ್ಣಲ್ಲಿ ಚಿಕ್ಕವನಾಗುವುದಕ್ಕೆ ಅವರಿಗೆ ಅಷ್ಟು ಭಯ.

ಕೊನೆಗೆ ಅವರ ಬಾಯಿ ಬಿಡಿಸಿದ್ದು ಗುರುತು ಪರಿಚಯ ಇಲ್ಲದ ಒಂದು ಮನೆ. ಊರಿನ ಆಚೆ ತುದಿಯಲ್ಲಿ, ಮೂರನೇ ಮಹಡಿ. ಒಲೆಯ ಗಾಜು ಸೀಳಿತ್ತು. ಗಂಡ ಹೆಂಡತಿಯ ಮೇಲೆ ಕೂಗಾಡುತ್ತಿದ್ದ, ಬಾಗಿಲನ್ನು ಧಡಾರ್ ಅಂತ ಹಾಕಿದೆ, ನೀನೇ ಒಡೆದೆ ಅಂತ. ಮೇಷ್ಟ್ರು ಬಾಗಿಲು ಬಿಚ್ಚಿ, ಒರೆಸಿ, ಉಗುರಿನಿಂದ ಗೆರೆಯ ಉದ್ದಕ್ಕೂ ಸವರಿ ನೋಡಿದರು. "ಸ್ವಲ್ಪ ನಿಲ್ಸಿ ಸ್ವಾಮಿ. ಈ ತಿರುಪು ಬಿಗಿದಿದ್ದು ಯಾರು?" ಅಂತ ಕೇಳಿದರು. ಗಂಡ ತಾನೇ ಅಂದ. "ಹಾಗಾದ್ರೆ ಒಡೆದಿದ್ದೂ ನೀವೇ. ಆಯಮ್ಮನ ತಪ್ಪು ಒಂಚೂರೂ ಇಲ್ಲ." ಆ ಹೆಂಗಸು ಅಡುಗೆಮನೆಗೆ ಹೋಗಿ ಅತ್ತಳು. ಗೋಡೆಯ ಈಚೆ ಅದು ಕೇಳಿಸುತ್ತಿತ್ತು. ಮೇಷ್ಟ್ರ ಕೈ ತಿರುಪಿನ ಮೇಲೇ ನಿಂತಿತು. ಯಾರೋ ಗುರುತಿಲ್ಲದವರ ಮನೆಯಲ್ಲಿ ಎರಡು ನಿಮಿಷಕ್ಕೆ ಹೇಳಿದ ಮಾತನ್ನು ಸ್ವಂತ ಅಕ್ಕನ ಮನೆಯಲ್ಲಿ ನಾಲ್ಕು ವರ್ಷದಿಂದ ಹೇಳಲಿಲ್ಲವಲ್ಲ, ನಾನೆಂಥ ಮನುಷ್ಯ ಅಂತ ತಮಗೆ ತಾವೇ ಬೈದುಕೊಂಡರು.

ಆವತ್ತು ಆ ಮನೆಯಲ್ಲಿ ಪಾಠ ಮಾಡಲಿಲ್ಲ. ಚೀಲ ಎತ್ತಿಕೊಂಡು ನೇರ ಅಕ್ಕನ ಮನೆಗೆ ನಡೆದರು.

ಅಕ್ಕ ಒಲೆಯ ಪಕ್ಕದ ಕುರ್ಚಿಯಲ್ಲಿ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಸೊಸೆ ಕಿಟಕಿಯ ಹತ್ತಿರ ಒಣಗಿದ ಬಟ್ಟೆ ಮಡಿಸುತ್ತಿದ್ದಳು. ಮೇಷ್ಟ್ರು ಕೂರಲಿಲ್ಲ.

"ಅಕ್ಕ, ಆ ಗಾಜು ಒಡೆದಿದ್ದು ನಾನು. ಇವಳಲ್ಲ. ಹುರಿ ಹಾಕೋ ಬದಲು ತಿರುಪು ಬಿಗಿದೆ, ಅದಕ್ಕೇ ಸೀಳ್ತು. ಹೊಸದು ಹಾಕೋವಾಗಲೇ ಗೊತ್ತಾಯ್ತು ನನಗೆ. ಗೊತ್ತಿದ್ದೂ ಹೇಳ್ಲಿಲ್ಲ. ತಪ್ಪು ಮಾಡಿದೆ ಅಕ್ಕ."

ಸೊಸೆಯ ಕೈಯಲ್ಲಿನ ಬಟ್ಟೆ ಅಲ್ಲೇ ನಿಂತಿತು. ಅಕ್ಕ ತಮ್ಮನನ್ನೇ ನೋಡಿದಳು. ಆಮೇಲೆ ಸೊಸೆಯತ್ತ ತಿರುಗಿದಳು. "ಏನೇ, ಇವನ ಹತ್ರ ಹೋಗಿ ಅತ್ಕೊಂಡ್ಯಾ?"

"ಇಲ್ಲ ಅಕ್ಕ, ಅವಳು ಒಂದು ಮಾತೂ ಆಡಿಲ್ಲ. ನಾನಾಗಿ ಬಂದಿದೀನಿ. ನಿಜ ಹೇಳ್ತಿದೀನಿ."

ಅಕ್ಕ ನಕ್ಕಳು. ಪ್ರೀತಿಯಿಂದಲೇ ನಕ್ಕಳು. "ಚಿಕ್ಕಂದಿನಿಂದ ನಿಂದು ಇದೇ ಕಥೆ ಕಣೋ. ಯಾರಿಗಾದ್ರೂ ಬೈದ್ರೆ ನಿನಗೆ ತಡಿಯೋಕಾಗಲ್ಲ, ನಾನೇ ಮಾಡಿದ್ದು ಅಂತ ಮಧ್ಯಕ್ಕೆ ಬರ್ತೀಯ. ಆವತ್ತು ನೀನೇ ಅಲ್ವೇನೋ ನನಗೆ ಚುಕ್ಕಿ ತೋರಿಸಿದ್ದು? ನಾನು ಕಣ್ಣಾರೆ ನೋಡಿದೀನಿ."

"ಅದು ಮಸಿ ಅಕ್ಕ! ಒರೆಸಿದ್ರೆ ಹೋಯ್ತು!"

"ಮೂವತ್ತು ವರ್ಷ ಒಲೆ ನೋಡಿರೋನಿಗೆ ಮಸಿ ಯಾವುದು, ಪೆಟ್ಟು ಯಾವುದು ಗೊತ್ತಾಗಲ್ವಾ? ಯಾರಿಗೆ ಹೇಳ್ತೀಯ ಇದನ್ನ? ನಿನ್ನ ಎತ್ತಿ ಆಡಿಸಿದೋಳು ನಾನು."

ಮೇಷ್ಟ್ರು ಆಣೆ ಮಾಡಿದರು. ತಿರುಪು ಹೇಗೆ, ಗೆರೆ ಹೇಗೆ ಅಂತ ನೆಲದ ಮೇಲೆ ಬೆರಳಲ್ಲಿ ಗೀಚಿ ತೋರಿಸಿದರು. ಹೋಳುಗಳಿದ್ದಿದ್ದರೆ ತೋರಿಸಬಹುದಿತ್ತು. ಅವನ್ನು ತಾವೇ ಎಸೆದಾಗಿತ್ತು. ಅವರು ಎಷ್ಟು ಹೇಳಿದರೋ ಅಕ್ಕನಿಗೆ ತಮ್ಮನ ಮೇಲೆ ಅಷ್ಟು ಮಮತೆ ಉಕ್ಕಿತು. ಅವಳ ಕಣ್ಣಂಚು ಒದ್ದೆಯಾಯಿತು.

"ನೋಡೇ" ಅಂದಳು ಸೊಸೆಗೆ. "ನಿನಗೋಸ್ಕರ ನಿನ್ನ ತಪ್ಪನ್ನ ತನ್ನ ಮೈಮೇಲೆ ಎಳ್ಕೋತಿದಾನೆ. ಇಂಥೋರು ಎಲ್ಲಿ ಸಿಗ್ತಾರೆ ಈ ಕಾಲದಲ್ಲಿ? ಒಂದು ಥ್ಯಾಂಕ್ಸಾದ್ರೂ ಹೇಳು."

ಮೇಷ್ಟ್ರು ಬೇಡಮ್ಮ ಅನ್ನಲು ಬಾಯಿ ತೆರೆದರು. ಅಷ್ಟರಲ್ಲಿ ಸೊಸೆ ಮಡಿಸಿದ ಬಟ್ಟೆಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಅವರತ್ತ ತಿರುಗಿದ್ದಳು. ಅವಳ ಮುಖದಲ್ಲಿ ಕೋಪ ಇರಲಿಲ್ಲ, ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

"ಥ್ಯಾಂಕ್ಸ್ ಮಾವ" ಅಂದಳು.

ಅಕ್ಕನಿಗೆ ಸಮಾಧಾನವಾಯಿತು. ಮಗುವನ್ನು ತಮ್ಮನ ತೋಳಿಗೆ ಕೊಟ್ಟು ಎದ್ದಳು. "ಚಳಿ ಜಾಸ್ತಿ ಆಯ್ತು. ನೀನು ಆಚೆ ನಿಂತ್ಕೊಳ್ಳೇ, ನಾನು ಸೌದೆ ಹಾಕ್ತೀನಿ" ಅಂತ ಸೊಸೆಗೆ ಹೇಳಿ, ಬಗ್ಗಿ ಒಲೆಯ ಬಾಗಿಲು ತೆಗೆದಳು.