ಗೂಟಿ ಕಟ್ಟಿದ ಸಂಪಿಗೆ

ಅತ್ತೆ ತೀರಿಕೊಂಡ ವರ್ಷವೇ ಅವರು ಬೆಳೆಸಿದ ಕೆಂಡಸಂಪಿಗೆ ಮರದ ಬುಡ ಟೊಳ್ಳಾಗಿದೆಯೆಂದು ಗೊತ್ತಾಯಿತು. ಅಂಕೋಲೆ ಬಳಿಯ ಬೊಬ್ರುವಾಡದ ನಮ್ಮ ಹಿತ್ತಿಲ ಬೇಲಿಗೆ ಒತ್ತಿ ನಿಂತ ಮರ. ಅತ್ತೆ ಅದನ್ನು ಬೀಜದಿಂದ ಎಬ್ಬಿಸಿ, ಮೊದಲ ಹೂವಿಗೆ ಒಂಬತ್ತು ವರ್ಷ ಕಾದಿದ್ದರಂತೆ. ಪೇಟೆಯಲ್ಲಿ ಮೀನು ಮಾರಿ ಬಂದವರು ಕೈಕಾಲು ತೊಳೆದು ಮೊದಲು ಮಾಡುತ್ತಿದ್ದ ಕೆಲಸ, ಒಂದು ಹೂ ಕೊಯ್ದು ತುರುಬಿಗೆ ಸಿಕ್ಕಿಸಿಕೊಳ್ಳುವುದು. ನನ್ನ ಗಂಡ ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಕುಟ್ಟಿದಾಗ ಖಾಲಿ ಡಬ್ಬದ ಸದ್ದು ಬಂತು.

ಮರ ವಾಲಿದ್ದು ಪಕ್ಕದ ಮನೆಯ ಕಡೆಗೆ. ಅವರದು ಗದ್ದೆ, ಕೂಲಿ ಎರಡನ್ನೂ ನಂಬಿದ ಸಂಸಾರ. ಯಜಮಾನ, ಅವನ ಮಗ, ಸೊಸೆ, ಮೂರು ತಿಂಗಳ ಮೊಮ್ಮಗು. ಮರದ ಕೆಳಗಿನ ದೊಡ್ಡ ಕೊಂಬೆ ಅವರ ಹಂಚಿನ ಮಾಡಿನ ಮೇಲೇ ಚಾಚಿಕೊಂಡಿತ್ತು. ಜೂನ್ ಕೊನೆಯಲ್ಲಿ ಯಜಮಾನ ಬೇಲಿಯ ಆಚೆ ನಿಂತು ಮೆಲ್ಲಗೆ ಕೇಳಿದ, "ಅಕ್ಕೋರೆ, ಗಾಳಿ ಜೋರಾಗ್ತಾ ಉಂಟು. ಆ ಮರ ತೆಗಿಸೂಕೆ ಆಗ್ತದಾ?"

ನಮ್ಮ ಕಡೆ ಟೀಚರಿಗೆ ಅಕ್ಕೋರು ಎನ್ನುತ್ತಾರೆ; ಹಿಂದೆ ಊರಿನ ಶಾಲೆಯಲ್ಲಿ ಅವನ ಮಗನಿಗೆ ಅಕ್ಷರ ಕಲಿಸಿದವಳು ನಾನೇ. ಆಮೇಲೆ ಕಾರವಾರದ ಶಾಲೆಗೆ ವರ್ಗವಾಗಿ ದಿನಾ ಬಸ್ಸಿನಲ್ಲಿ ಓಡಾಡುತ್ತಿದ್ದೆ.

"ತೆಗಿಸ್ತೆ," ಎಂದೆ. "ಆದ್ರೆ ಚೌತಿ ತನಕ ಸಮಯ ಕೊಡಿ. ಅದ್ರ ಸಸಿ ಮಾಡ್ಕಬೇಕು."

ಅವನು ಮರವನ್ನೊಮ್ಮೆ ನೋಡಿದ. "ಆಗ್ಲಿ ಅಕ್ಕೋರೆ," ಎಂದ.

ಗಂಡನಿಗೆ ಮಾತ್ರ ಇದು ಹಿಡಿಸಲಿಲ್ಲ. "ಮರ ಬೀಳೂದು ನಿನ್ನ ಚೌತಿ ನೋಡ್ಕಂಡಲ್ಲ," ಎಂದರು. ಬಲೆ ಸರಿಮಾಡುತ್ತ ಕೂತವರು ತಲೆ ಎತ್ತಲೂ ಇಲ್ಲ. ಕೊಂಬೆಯನ್ನಷ್ಟೇ ಕಡಿಸಬಹುದಿತ್ತು, ನಿಜ. ಆದರೆ ಗೂಟಿ ಕಟ್ಟಲು, ಅಂದರೆ ಮರದಲ್ಲಿರುವಾಗಲೇ ರೆಂಬೆಗೆ ಬೇರು ಬರಿಸಲು, ಬೇಕಾದ ಬೆರಳು ದಪ್ಪದ ಎಳೆ ರೆಂಬೆಗಳು ಏಣಿಗೆ ಸಿಗುತ್ತಿದ್ದದ್ದು ಅದೊಂದೇ ಕೊಂಬೆಯಲ್ಲಿ. ಬೀಜ ಹಾಕಿ ಇನ್ನೊಂದು ಒಂಬತ್ತು ವರ್ಷ ಕಾಯುವ ವಯಸ್ಸು ನನ್ನದಲ್ಲ ಎಂದುಕೊಂಡೆ. ಅದೇ ಮರ, ಅದೇ ಬಣ್ಣದ ಹೂ ನನಗೆ ಬೇಕಿತ್ತು.

ಮರುದಿನವೇ ಏಣಿ ಹತ್ತಿದೆ. ಐದು ರೆಂಬೆಗಳಲ್ಲಿ ಎರಡು ಬೆರಳಗಲ ತೊಗಟೆಯನ್ನು ಸುತ್ತಲೂ ಸುಲಿದು, ಒಳಗಿನ ಲೋಳೆ ಕೆರೆದು ತೆಗೆದೆ. ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿಯನ್ನು ಅಲ್ಲಿ ಮೆತ್ತಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ಎರಡೂ ಕಡೆ ಬಿಗಿಯಾಗಿ ಕಟ್ಟಿದೆ. ಸುಲಿದ ಜಾಗದ ಮೇಲಂಚಿನಲ್ಲಿ ಬೇರು ಒಡೆದು ಪ್ಲಾಸ್ಟಿಕ್ಕಿನೊಳಗೆ ಬೆಳ್ಳಗೆ ಕಂಡಮೇಲೆ ಕತ್ತರಿಸಿ ನೆಡಬೇಕು. ಸಂಪಿಗೆಗೆ ಎರಡು ತಿಂಗಳಾದರೂ ಬೇಕು.

ಆ ಮಳೆಗಾಲದಲ್ಲಿ ನನಗೆ ಗಾಳಿಯ ಸದ್ದೊಂದೇ ಕೇಳುತ್ತಿತ್ತು. ಕಾರವಾರದಲ್ಲಿ ಪಾಠ ಮಾಡುತ್ತಿದ್ದಾಗ ಕಿಟಕಿಯ ಬಾಗಿಲು ಹೊಡೆದುಕೊಂಡರೆ ಹೇಳುತ್ತಿದ್ದ ವಾಕ್ಯ ಮರೆತುಹೋಗುತ್ತಿತ್ತು. ಸಂಜೆ ಮನೆಗೆ ಬಂದರೆ ಚಹಾಕ್ಕೂ ಮೊದಲು ಹಿತ್ತಿಲಿಗೆ ಓಡುತ್ತಿದ್ದೆ. ನಾಲ್ಕು ವಾರ, ಐದು ವಾರ. ನಾರಿನ ಉಂಡೆಗಳು ಕಂದು ಬಣ್ಣದಲ್ಲೇ ಇದ್ದವು. ಕೊಂಬೆ ಮಳೆನೀರಿನ ಭಾರಕ್ಕೆ ಇನ್ನಷ್ಟು ಬಗ್ಗಿದಂತೆ ಕಾಣುತ್ತಿತ್ತು. ನಿಜವೋ ನನ್ನ ಹೆದರಿಕೆಯೋ ತಿಳಿಯದೆ, ಅಳೆಯಲು ಕೊಂಬೆಯಿಂದ ಬೇಲಿಯ ಗೂಟಕ್ಕೆ ಹಗ್ಗ ಬಿಗಿದು ಕಟ್ಟಿ ನೋಡಿದೆ. ನಾಲ್ಕು ದಿನದಲ್ಲಿ ಹಗ್ಗ ಸಡಿಲಾಗಿತ್ತು. ಅದನ್ನು ಬಿಚ್ಚಿಟ್ಟೆ. ಗಂಡನಿಗೆ ಹೇಳಲಿಲ್ಲ.

ಆರನೇ ವಾರದ ಕೊನೆಗೆ ಒಂದು ಉಂಡೆಯಲ್ಲಿ ಅಕ್ಕಿಕಾಳಿನಷ್ಟು ಬಿಳಿ ತುದಿ ಕಂಡಿತು. ಇನ್ನು ಮೂರೇ ವಾರ ಸಾಕು ಅನ್ನಿಸಿತು.

ಅದಾಗಿ ಮೂರನೇ ದಿನ, ಮಧ್ಯಾಹ್ನದ ಊಟದ ಹೊತ್ತಿಗೆ, ಪಕ್ಕದ ಮನೆಯ ಫೋನು ಬಂತು. ಸೊಸೆಯ ದನಿ. "ಅಕ್ಕೋರೆ, ನಿಮ್ಮ ಮರ..." ಹಿಂದೆ ಮಗು ಕಿರುಚುತ್ತಿತ್ತೋ, ಯಾರಾದರೂ ಕೂಗುತ್ತಿದ್ದರೋ, ಅಷ್ಟರಲ್ಲಿ ಕಡಿದುಹೋಯಿತು. ಮತ್ತೆ ಮಾಡಿದರೆ ಹತ್ತಲಿಲ್ಲ. ಗಂಡ ಆಗ ದೋಣಿಯ ಮೇಲಿದ್ದರು.

ಕಾರವಾರದಿಂದ ಅಂಕೋಲೆಗೆ ಆ ದಿನ ಬಸ್ಸು ತೆವಳಿತು. ಬಿಣಗಾ ದಾಟುವಷ್ಟರಲ್ಲಿ ನಾನು ಅವರ ಮನೆಯ ಕೋಣೆಗಳನ್ನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಕೊಂಬೆಯ ಕೆಳಗೆ ಸರಿಯಾಗಿ ಇರುವುದು ನಡುಕೋಣೆ. ಮಗುವಿನ ಜೋಲಿ ಕಟ್ಟಿದ್ದೂ ಅಲ್ಲೇ. ನಾಮಕರಣದ ದಿನ ನಾನೇ ತೂಗಿದ್ದೆ. ಅಮದಳ್ಳಿಯ ಹತ್ತಿರ, ಬೇಡವೆಂದರೂ, ಇನ್ನೊಂದು ಯೋಚನೆ ಬಂತು: ಗೂಟಿಗಳು ಉಳಿದಿರಬಹುದೇ? ಅದನ್ನು ನಾನು ಯೋಚಿಸಿದೆ ಎಂಬುದನ್ನು ಇಂದಿಗೂ ಯಾರಿಗೂ ಹೇಳಿಲ್ಲ. ಅವರ್ಸಾ ಬರುವ ತನಕ ಎದುರಿನ ಸೀಟಿನ ಸರಳು ಹಿಡಿದು ಕಣ್ಣು ಮುಚ್ಚಿಕೊಂಡಿದ್ದೆ.

ಕೊಂಬೆ ಮಾಡು ಸೀಳಿ ನಡುಕೋಣೆಯೊಳಗೆ ಇಳಿದಿತ್ತು. ನೆಲದ ತುಂಬ ಹಂಚಿನ ಚೂರು, ಎಲೆ, ಮಳೆನೀರು. ಯಜಮಾನ ಜಗಲಿಯಲ್ಲಿ ಮುಂಗೈಗೆ ಪಂಚೆ ಸುತ್ತಿಕೊಂಡು ಕೂತಿದ್ದ. ರಕ್ತ ಬಟ್ಟೆಯ ಹೊರಗೆ ಬಂದಿತ್ತು. ಅವನ ಹಿಂದೆ ಸೊಸೆ, ಹೆಗಲ ಮೇಲೆ ಮಗು. ಮಗು ನಿದ್ದೆ ಮಾಡುತ್ತಿತ್ತು.

ಮೆಟ್ಟಿಲ ಬಳಿಯೇ ನಿಂತು ಕೇಳಿದೆ, "ಜೋಲಿ... ಅಲ್ಲಿತ್ತಲ್ಲೆ?"

"ಅಡ್ಗೆಮನೇಲಿ ಕಟ್ಕಂಡಿದ್ದೆ ಅಕ್ಕೋರೆ," ಎಂದಳು ಸೊಸೆ. "ನೀವು ಚೌತಿ ತನಕ ಅಂದ ದಿನದಿಂದ್ಲೂ ಅಲ್ಲೇ ಮಲಗೂದು ನಾವು. ಹೊಗೆಗೆ ಮಗೀಗೆ ಕೆಮ್ಮು."

"ನಂಗೊಂದು ಮಾತು ಹೇಳ್ಬಾರ್ದಾಗಿತ್ತಾ?"

ಅವಳು ಮಾವನ ಮುಖ ನೋಡಿದಳು. ಅವನೇ ಹೇಳಿದ, "ಅಕ್ಕೋರು ಕೇಳ್ದಾಗ ಇಲ್ಲ ಹೇಳೂದು ಹ್ಯಾಂಗೆ?"

ಅವನನ್ನು ರಿಕ್ಷಾದಲ್ಲಿ ಅಂಕೋಲೆಯ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಮುಂಗೈಗೆ ಏಳು ಹೊಲಿಗೆ ಬಿತ್ತು. ಸೂಜಿ ಚುಚ್ಚುವಾಗಲೂ ಅವನು ನನಗೇ ಸಮಾಧಾನ ಹೇಳುತ್ತಿದ್ದ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಸಂಜೆ ಗಂಡ ಬಂದು ನೋಡಿದವರೇ ಏಣಿ ತೆಗೆದುಕೊಂಡು ಹೋಗಿ, ಒಡೆದ ಮಾಡಿಗೆ ತಾಡಪಾಲು ಕಟ್ಟಿದರು. ಮರುದಿನ ಬೆಳಿಗ್ಗೆ ಮರ ಕಡಿಸಿದೆವು. ಆ ವಾರವೇ ಮಾಡು ಸರಿಮಾಡಿಸಿ ಕೊಟ್ಟೆವು.

ಗೂಟಿಗಳನ್ನು ನಾನು ಹುಡುಕಲಿಲ್ಲ. ಹಂಚಿನ ಚೂರು ಗುಡಿಸುವಾಗ ಸೊಸೆಯೇ ಎರಡನ್ನು ಎತ್ತಿ ತಂದು ನಮ್ಮ ಕಟ್ಟೆಯ ಮೇಲಿಟ್ಟಳು. ಉಳಿದ ಮೂರು ಜಜ್ಜಿಹೋಗಿದ್ದವು. ಈ ಎರಡರಲ್ಲಿ ಬೇರು ಅಂದರೆ ನಾಲ್ಕೈದು ಬಿಳಿ ಎಳೆ, ಅಷ್ಟೇ. ಎಲೆ ಅರ್ಧ ಕತ್ತರಿಸಿ, ಕುಂಡದಲ್ಲಿ ನೆಟ್ಟು, ನೆರಳಲ್ಲಿಟ್ಟೆ. ಒಂದು ಗಿಡ ವಾರದೊಳಗೆ ಬಾಡಿತು. ಇನ್ನೊಂದು ಗಿಡ ತಿಂಗಳುಗಟ್ಟಲೆ ಹಾಗೇ ನಿಂತು, ದೀಪಾವಳಿ ಕಳೆದ ಮೇಲೆ ಒಂದು ಚಿಗುರು ಬಿಟ್ಟಿತು.

ಮರುವರ್ಷ ಅದನ್ನು ಬಾವಿಯ ಆಚೆ, ಎರಡೂ ಮನೆಗಳಿಂದ ದೂರ ನೆಟ್ಟೆ. ಈಗ ನನ್ನ ಎದೆಮಟ್ಟ ಇದೆ, ಹೂ ಬಿಟ್ಟಿಲ್ಲ. ಮೊನ್ನೆ ಪಕ್ಕದ ಮನೆಯ ಅಂಗಳದಲ್ಲಿ ನಮ್ಮ ಸೌದೆ ಒಟ್ಟಬಹುದೇ ಎಂದು ಕೇಳಿದೆ. ಸೊಸೆ ಈ ಸಲ ಮಾವನ ಮುಖ ನೋಡಲಿಲ್ಲ; ಮಗುವಿನ ಕೈಯಿಂದ ಮಣ್ಣು ಬಿಡಿಸುತ್ತ, "ಬ್ಯಾಡ ಅಕ್ಕೋರೆ, ಹಾವು ಬರ್ತದೆ," ಎಂದಳು. ನಾನು ಸೌದೆಯನ್ನು ನಮ್ಮ ಅಂಗಳದಲ್ಲೇ ಒಟ್ಟಿಸಿದೆ.