ವಕೀಲರ ಮನೆಯ ಹಾರ್ನು

ಬೆಳಕು ಹರಿಯುವ ಮೊದಲು ನೀಲಿಯಕ್ಕ ಮಾಡಿ ಮುಗಿಸುತ್ತಿದ್ದ ಕೆಲಸಗಳು ಇವು: ನಾಲ್ಕಕ್ಕೆ ಎದ್ದು ಹಂಡೆಯ ಕೆಳಗೆ ಉರಿ ಹಾಕುವುದು. ಹಿಂದಿನ ಸಂಜೆ ಸೋಡಾ ನೀರಿನಲ್ಲಿ ನೆನೆಹಾಕಿದ ಬಟ್ಟೆಗಳನ್ನು ತಿರುವಿಹಾಕುವುದು. ಹಿತ್ತಿಲಿನ ತಂತಿಗಳನ್ನು ಒರೆಸುವುದು. ಅಂಗಳ ಗುಡಿಸುವುದು. ಹಾಲು ಕಾಯಿಸಿ, ಮಗಳ ಡಬ್ಬಿಗೆ ಅನ್ನಕ್ಕಿಟ್ಟು, ಪಲ್ಯಕ್ಕೆ ಹೆಚ್ಚುವುದು. ಗಂಡನ ಅಂಗಿಗೆ ಇಸ್ತ್ರಿ ಹಾಕುವುದು, ಅವನ ಮಂಡಿಗೆ ಎಣ್ಣೆ ಬಿಸಿ ಮಾಡುವುದು. ಒಣಗಿದ ಬಟ್ಟೆಗಳನ್ನು ಗುರುತು ನೋಡಿ ಮನೆಮನೆಗೆ ಬೇರೆ ಗಂಟು ಕಟ್ಟುವುದು. ಇವುಗಳ ನಡುನಡುವೆ ಗಂಡನನ್ನು ಎಬ್ಬಿಸುವುದು, ಮೂರು ಸಲ. ಮೊದಲ ಸಲಕ್ಕೆ "ಐದು ನಿಮಿಷ" ಎನ್ನುತ್ತಿದ್ದ. ಎರಡನೆಯದಕ್ಕೆ "ಎದ್ದೆ, ಎದ್ದೆ" ಎನ್ನುತ್ತಿದ್ದ. ಮೂರನೆಯದಕ್ಕೆ "ಮೊದ್ಲೇ ಎಬ್ಬಿಸೋದಲ್ವೇನೇ?" ಎಂದು ಅವಳ ಮೇಲೇ ಸಿಡುಕುತ್ತಿದ್ದ. ಈ ಎಬ್ಬಿಸುವುದನ್ನು ಮನೆಯಲ್ಲಿ ಯಾರೂ ಕೆಲಸವೆಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅವಳೂ ಹಿಡಿದಿರಲಿಲ್ಲ.

ನೀಲಿಯಕ್ಕ ಎಂಬುದು ಬೀದಿಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷಗಳಿಂದ ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವಳ ಬೆರಳ ತುದಿಗಳು ಬೇರೆ ಯಾವ ಬಣ್ಣಕ್ಕೂ ತಿರುಗಲು ಒಪ್ಪುತ್ತಿರಲಿಲ್ಲ. ಮೂವತ್ತು ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಪ್ರತಿ ಬಟ್ಟೆಯ ಒಳಂಚಿಗೆ ಕೆಂಪು ದಾರದಲ್ಲಿ ಒಂದು ಸಣ್ಣ ಗುರುತು ಹೊಲಿಯುತ್ತಿದ್ದಳು. ಎರಡು ಅಡ್ಡ ಹೊಲಿಗೆ, ಒಂದು ಗಂಟು: ವಕೀಲರ ಮನೆ. ಮೂರು ನೇರ ಹೊಲಿಗೆ: ಶಾಲೆಯ ಹೆಡ್ ಮೇಡಂ ಮನೆ. ಯಾವ ಪುಸ್ತಕದಲ್ಲೂ ಬರೆದಿಟ್ಟಿರಲಿಲ್ಲ. ಇಷ್ಟು ವರ್ಷಗಳಲ್ಲಿ ಒಂದು ಕರವಸ್ತ್ರವೂ ಮನೆ ತಪ್ಪಿರಲಿಲ್ಲ.

ಮನೆಯ ಅರ್ಧ ಒಲೆ ಉರಿಯುತ್ತಿದ್ದುದು ಮಾತ್ರ ಆ ಮೂವತ್ತು ಮನೆಗಳಿಂದಲ್ಲ, ಊರಾಚೆಯ ನರ್ಸುಗಳ ಹಾಸ್ಟೆಲಿನಿಂದ. ವಾರಕ್ಕೆ ನೂರಿಪ್ಪತ್ತು ಹಾಸಿಗೆ ಹೊದಿಕೆಗಳು. ಹಾಸ್ಟೆಲಿನ ವ್ಯಾನೇ ತಂದು ಹಾಕಿ ಎತ್ತಿಕೊಂಡು ಹೋಗುತ್ತಿತ್ತು. ಒಂದು ದಿನ ಅಲ್ಲಿನ ವಾರ್ಡನ್ ಮೇಡಂ ಕರೆದು ಹೇಳಿದರು: "ನೋಡಮ್ಮ, ಇನ್ನು ಮೂರು ತಿಂಗಳಿಗೆ ವ್ಯಾನ್ ನಿಲ್ಲುತ್ತೆ. ಆಮೇಲೆ ನೀನೇ ತಂದು ಕೊಡಬೇಕು. ಹುಡುಗೀರು ಡ್ಯೂಟಿಗೆ ಹೋಗೋ ಮುಂಚೆ, ಬೆಳಿಗ್ಗೆ ಆರರೊಳಗೆ ಬರಬೇಕು. ಆರಕ್ಕೆ ಗೇಟು ಹಾಕಿಬಿಡ್ತಾರೆ. ಆಗಲ್ಲ ಅಂದ್ರೆ ಈಗ್ಲೇ ಹೇಳು, ಮಷೀನ್ ಲಾಂಡ್ರಿಯೋರು ಕಾದು ಕೂತಿದಾರೆ."

"ಆಗುತ್ತೆ ಮೇಡಂ" ಅಂದಳು ನೀಲಿಯಕ್ಕ. ಹೇಗೆ ಆಗುತ್ತದೆ ಎಂಬುದನ್ನು ಮನೆಗೆ ನಡೆಯುತ್ತ ಯೋಚಿಸಿದಳು.

ಹಿತ್ತಿಲಿನಲ್ಲಿ ಒಂದು ಪಿಕಪ್ ಗಾಡಿ ಇತ್ತು. ಗಂಡ ಹಿಂದೆ ಅದರಲ್ಲಿ ಮಂಚ, ಬೀರು ಸಾಗಿಸುತ್ತಿದ್ದ. ಒಂಬತ್ತು ವರ್ಷದ ಹಿಂದೆ ಎಂಜಿನ್ ಕೈಕೊಟ್ಟಾಗ ಅದನ್ನು ಅಲ್ಲೇ ನಿಲ್ಲಿಸಿ, ಹಾರ್ಡ್‌ವೇರ್ ಅಂಗಡಿಯ ಗಲ್ಲಾಪೆಟ್ಟಿಗೆಯ ಹಿಂದೆ ಹೋಗಿ ಕೂತವನು ಮತ್ತೆ ಅದರ ಬಾಗಿಲು ತೆಗೆದಿರಲಿಲ್ಲ. ನೀಲಿಯಕ್ಕ ಅದರ ಒಂದು ಕನ್ನಡಿಯಿಂದ ಬೇವಿನ ಮರಕ್ಕೆ ತಂತಿ ಕಟ್ಟಿ ಬಟ್ಟೆ ಒಣಗಿಸುತ್ತಿದ್ದಳು. ಡ್ರೈವರ್ ಸೀಟಿನಲ್ಲಿ ಕೋಳಿ ಮೊಟ್ಟೆ ಇಡುತ್ತಿತ್ತು.

ಮಗಳು ಮೂಲೆಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಕೆಲಸಕ್ಕೆ ಸೇರಿದ ಹೊಸದರಲ್ಲಿ "ಹುಡುಗಿ ಮುಟ್ಟಿದ ಗಾಡಿ ಓಡುತ್ತಾ?" ಎನ್ನುತ್ತಿದ್ದ ಗಿರಾಕಿಗಳು ಈಗ ಅವಳಿಲ್ಲದಿದ್ದರೆ ನಾಳೆ ಬರುತ್ತೇವೆ ಎಂದು ಹಿಂದಿರುಗುತ್ತಿದ್ದರು. ಅಮ್ಮ ಕೇಳಿದಾಗ ಅವಳು ಪಿಕಪ್ಪಿನ ಬಾನೆಟ್ ಎತ್ತಿ, ಟಾರ್ಚ್ ಬಿಟ್ಟು ನೋಡಿ, ಕೋಳಿಯನ್ನು ಕೆಳಗಿಳಿಸಿ ಹೇಳಿದಳು: "ಅಮ್ಮ, ಆಗುತ್ತೆ. ಆದ್ರೆ ಒಬ್ಳೇ ಆಗಲ್ಲ. ಹನ್ನೆರಡು ಭಾನುವಾರ ನೀನು ನಂಗೆ ಬೇಕು."

"ಭಾನುವಾರ ಇಡೀ ಮನೆ ಕೆಲಸ ಇರುತ್ತಲ್ಲೇ."

"ಮನೆ ಕೆಲಸ ಎಲ್ಲಿಗೂ ಓಡಿಹೋಗಲ್ಲ. ಓಡಿಹೋದ್ರೆ ಇನ್ನೂ ಒಳ್ಳೇದು."

ಹೀಗೆ ಶುರುವಾಯಿತು. ತಿರುಗದಂತೆ ಬಿಗಿದುಕೊಂಡಿದ್ದ ಎಂಜಿನ್ನಿಗೆ ಎಣ್ಣೆ ಕುಡಿಸಿ ವಾರ ಬಿಟ್ಟು ತಿರುಗಿಸಿದರು. ಡೀಸೆಲ್ ಟ್ಯಾಂಕಿನಿಂದ ಒಂದು ಬಕೆಟ್ ತುಕ್ಕು ಬಂತು. ತಳ ತೂತಾದ ಹಿಂಬದಿಗೆ ತಗಡು ಬೆಸೆದರು. ಸೀಟಿನ ಹರಿದ ಹೊಟ್ಟೆಗೆ ನೀಲಿಯಕ್ಕ ಹಳೆಯ ಕಂಬಳಿ ತುಂಬಿ, ಮೇಲೆ ದಪ್ಪ ಬಟ್ಟೆ ಹಾಕಿ, ಗೋಣಿಸೂಜಿಯಲ್ಲಿ ಹೊಲಿದಳು. ಬಿಚ್ಚಿದ ಬೋಲ್ಟುಗಳನ್ನೆಲ್ಲ ಸೋಡಾ ನೀರಿನಲ್ಲಿ ಕುದಿಸಿ, ತಿಕ್ಕಿ ತೊಳೆದು, ಸೆರಗಿನಲ್ಲಿ ಒರೆಸಿ ಸಾಲಾಗಿ ಇಟ್ಟಳು. ಮಗಳು ನೋಡಿ ನಕ್ಕಳು. "ಅಮ್ಮ, ಬೋಲ್ಟಿಗೆ ನೀಲಿ ಹಾಕೋದೊಂದು ಬಾಕಿ."

ಗಂಡನಿಗೆ ಮೊದಮೊದಲು ನಗು. ಕುರ್ಚಿ ಎಳೆದುಕೊಂಡು ಕೂತು ಟೀ ಕುಡಿಯುತ್ತ, "ನನ್ನಿಂದಾಗದೆ ಇದ್ದಿದ್ದು ನಿಮ್ಮಿಂದ ಆಗುತ್ತಾ?" ಎನ್ನುತ್ತಿದ್ದ. ಏಳನೆಯ ಭಾನುವಾರ, ಗ್ಯಾರೇಜಿನಿಂದ ಎರವಲು ತಂದ ಬ್ಯಾಟರಿಗೆ ಎಂಜಿನ್ ಎರಡು ಸಲ ಕೆಮ್ಮಿ, ಕಪ್ಪು ಹೊಗೆ ಉಗಿದು, ನಡುಗುತ್ತ ಓಡತೊಡಗಿದಾಗ ಅವನ ಟೀ ಅಂಗಿಯ ಮೇಲೆ ಚೆಲ್ಲಿತು. ಆ ಅಂಗಿಯನ್ನು ಒಗೆದವಳು ಯಾರೆಂದು ಹೇಳಬೇಕಿಲ್ಲ. ಅಂದಿನಿಂದ "ನಿಮ್ಮ ಡಬ್ಬಾ" ಎನ್ನುತ್ತಿದ್ದುದು "ನನ್ನ ಗಾಡಿ" ಆಯಿತು. ಹಿತ್ತಿಲಿಗೆ ಬಂದಾಗಲೆಲ್ಲ ಹತ್ತಿ ಕೂತು, ಸೀಟನ್ನು ಹಿಂದಕ್ಕೆ ತಳ್ಳಿ, ಕಾಲು ಚಾಚಿ ಸ್ಟೀರಿಂಗ್ ತಿರುಗಿಸುತ್ತಿದ್ದ. ಅವನು ಇಳಿದ ಮೇಲೆ ನೀಲಿಯಕ್ಕ ಸೀಟನ್ನು ಮುಂದಕ್ಕೆ ಎಳೆಯುತ್ತಿದ್ದಳು.

ಕೊನೆಗೆ ಉಳಿದದ್ದು ವೈರಿಂಗ್. ಇಲಿಗಳು ಕಡಿದುಹಾಕಿದ್ದ ಹಳೆಯ ವೈರುಗಳನ್ನು ಬಿಚ್ಚುವಾಗ ಮಗಳು ಒಂದೊಂದು ಜಾಗಕ್ಕೂ ಕಾಗದದ ಚೀಟಿಯಲ್ಲಿ ನಂಬರ್ ಬರೆದು ಅಂಟಿಸಿದ್ದಳು. ನೀಲಿಯಕ್ಕ ಅದರ ಪಕ್ಕಕ್ಕೇ ಬಟ್ಟೆಯ ಚೂರು ಕಟ್ಟಿ, ಕೆಂಪು ದಾರದಲ್ಲಿ ತನ್ನ ಗುರುತು ಹೊಲಿದಿದ್ದಳು. ಎಣ್ಣೆ, ಡೀಸೆಲ್ ಬಿದ್ದು ಮಗಳ ಚೀಟಿಗಳೆಲ್ಲ ಉದುರಿದವು. ಕೆಂಪು ದಾರ ಹಾಗೇ ಇತ್ತು.

ಹತ್ತನೆಯ ಭಾನುವಾರ ನೀಲಿಯಕ್ಕ ಬಟ್ಟೆ ಕೊಡಲು ಹೋಗಿದ್ದಳು, ಮಗಳು ಹೊಸ ಬ್ಯಾಟರಿ ತರಲು ಹೋಗಿದ್ದಳು. ಗಂಡ ಅಂಗಿಯ ತೋಳು ಮಡಚಿದ. ಹದಿನೈದು ವರ್ಷ ಓಡಿಸಿದ ಗಾಡಿಯ ವೈರು ತನಗೆ ಗೊತ್ತಿಲ್ಲದೆ ಇನ್ಯಾರಿಗೆ? ಬಟ್ಟೆ ಚೂರುಗಳನ್ನು ಕಸವೆಂದು ಪಕ್ಕಕ್ಕೆ ಸರಿಸಿ, ಹೊಸ ವೈರುಗಳನ್ನು ನೆನಪಿನ ಮೇಲೆ ಜೋಡಿಸಿ, ಹೆಂಗಸರಿಬ್ಬರೂ ಬರುವಷ್ಟರಲ್ಲಿ ಎದೆಯುಬ್ಬಿಸಿ ಡ್ರೈವರ್ ಸೀಟಿನಲ್ಲಿ ಕೂತಿದ್ದ.

ಮಗಳು ಬ್ಯಾಟರಿ ಜೋಡಿಸಿದಳು. ಅವನು ಬ್ರೇಕ್ ತುಳಿದ. ಹಾರ್ನು ಇಡೀ ಬೀದಿಗೆ ಕೇಳುವಂತೆ ಅರಚಿತು. ಬೆಚ್ಚಿ ಇಂಡಿಕೇಟರ್ ಒತ್ತಿದ. ವೈಪರ್ ಒಣ ಗಾಜಿನ ಮೇಲೆ ಕಿರ್ರೋ ಎಂದು ಉಜ್ಜತೊಡಗಿತು. ಅದನ್ನು ನಿಲ್ಲಿಸಲು ಮತ್ತೆ ಬ್ರೇಕ್ ತುಳಿದ. ಮತ್ತೆ ಹಾರ್ನು. ಕೋಳಿ ಗೋಡೆ ಹಾರಿ ಪಕ್ಕದ ಮನೆ ಸೇರಿತು.

"ಅಪ್ಪ, ಕಾಲು ತೆಗಿ!" ಮಗಳು ಹೊಟ್ಟೆ ಹಿಡಿದುಕೊಂಡು ಕೂತುಬಿಟ್ಟಳು.

"ಗಾಡಿ ಹಳೇದಾಯ್ತಲ್ಲ, ಅದಕ್ಕೇ ಮರೆವು" ಎಂದ ಅವನು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಿರಲಿಲ್ಲ.

ನೀಲಿಯಕ್ಕ ಬಾನೆಟ್ಟಿನೊಳಗೆ ಇಣುಕಿದಳು. "ಏನ್ರೀ ಇದು? ವಕೀಲರ ಮನೆ ಬಟ್ಟೆ ತಗೊಂಡ್ಹೋಗಿ ಹೆಡ್ ಮೇಡಂ ಮನೆಗೆ ಕೊಟ್ಟಿದೀರಲ್ಲ!"

"ಯಾವ ವಕೀಲ್ರು?"

"ಹಾರ್ನು. ಅವರ ಗಂಟಲು ಮೂರು ಬೀದಿಗೆ ಕೇಳುತ್ತಲ್ಲ, ಅದಕ್ಕೆ ಹಾರ್ನಿಗೆ ಅವರ ಮನೆ ಗುರುತು. ಬ್ರೇಕು ಹೆಡ್ ಮೇಡಂ, ಅವರು ಬಂದ್ರೆ ಎಲ್ರೂ ಗಕ್ಕಂತ ನಿಲ್ತಾರೆ. ದೊಡ್ಡ ಲೈಟು ಅವಳಿ ಅಕ್ಕತಂಗೀರ ಮನೆ. ವೈಪರು ಪೋಸ್ಟಾಫೀಸ್ ಅಕ್ಕ, ಯಾವಾಗ್ಲೂ ಕಣ್ಣೊರೆಸ್ಕೊಳ್ತಾನೇ ಇರ್ತಾರೆ."

"ಹಿಂದಿನ ಲೈಟು?" ಎಂದಳು ಮಗಳು.

ನೀಲಿಯಕ್ಕ ಹೇಳಿದಳು: "ನಿಮ್ಮಪ್ಪ. ಯಾವಾಗ್ಲೂ ಹಿಂದೆ ಕೂತ್ಕೊಂಡೇ ಮಾತಾಡ್ತಾರಲ್ಲ."

ಈ ಸಲ ಅವನೂ ನಕ್ಕ. ನೀಲಿಯಕ್ಕ ಒಂದು ಗಂಟೆಯಲ್ಲಿ ಪ್ರತಿ ವೈರನ್ನೂ ಅದರದರ ಮನೆಗೆ ಮುಟ್ಟಿಸಿದಳು. ಬ್ರೇಕ್ ತುಳಿದರೆ ಬ್ರೇಕಿನ ದೀಪವೇ ಹತ್ತಿತು.

ಮಗಳು ಕೈ ಒರೆಸುತ್ತ ನಿಂತಳು. ಈಗ ನಗುತ್ತಿರಲಿಲ್ಲ. "ಅಮ್ಮ, ಇಂಥವು ಇನ್ನೂ ಎಷ್ಟಿವೆ ನಿನ್ನ ತಲೇಲಿ? ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನಂಗೆ ಗೊತ್ತಿಲ್ಲ. ಅಪ್ಪನಿಗೆ ತನ್ನ ಟವೆಲ್ ಎಲ್ಲಿದೆ ಅಂತ ಗೊತ್ತಿಲ್ಲ. ಎಲ್ಲಾ ಬರೆದಿಡು."

"ಬರೆದಿಟ್ರೆ ಯಾರು ಬೇಕಾದ್ರೂ ಮಾಡಬಹುದಲ್ಲೇ."

"ಅದಕ್ಕೇ ಹೇಳ್ತಿರೋದು."

ಅವಳು ಹೇಳಿದಳು, ಮಗಳು ಬರೆದಳು. ಮನೆಗಳ ಗುರುತಿಗೆ ಎರಡು ಪುಟ, ಅಡುಗೆಮನೆಗೆ ಒಂದು ಪುಟ, ಬೆಳಗಿನ ಕೆಲಸಕ್ಕೆ ಒಂದು ಪುಟ. "ಮತ್ತೆ? ಇನ್ನೇನು ಮಾಡ್ತೀಯ ಬೆಳಿಗ್ಗೆ?" ಎಂದು ಮಗಳು ಕೆದಕಿದಾಗ, "ನಿಮ್ಮಪ್ಪನ್ನ ಎಬ್ಬಿಸ್ತೀನಿ" ಎಂದಳು. ಮಗಳು ಅದನ್ನೂ ಬರೆದು, ಮುಂದೆ "ಮೂರು ಸಲ" ಎಂದು ಸೇರಿಸಿ, ಆ ಪುಟವನ್ನೂ ಅಡುಗೆಮನೆಯ ಪುಟವನ್ನೂ ಒಲೆಯ ಮೇಲಿನ ಗೋಡೆಗೆ ಅಂಟಿಸಿದಳು. ಗಂಡ ಬಂದು ಓದಿ, "ಇದೂ ಒಂದು ಕೆಲ್ಸಾನಾ?" ಎಂದ.

ಈ ನಡುವೆ ನೀಲಿಯಕ್ಕ ಲೈಸೆನ್ಸ್ ತೆಗೆದುಕೊಂಡಿದ್ದಳು. ಮಗಳು ಸಂಜೆ ಹೊತ್ತು ಗ್ಯಾರೇಜಿನ ಯಜಮಾನರ ಕಾರಿನಲ್ಲಿ ಕಲಿಸಿದ್ದಳು. ಮೊದಲ ಪರೀಕ್ಷೆಯಲ್ಲಿ ಹಿಂದಕ್ಕೆ ತೆಗೆಯುವಾಗ ಕಂಬ ಬೀಳಿಸಿದಳು. ಎರಡನೆಯದರಲ್ಲಿ ಪರೀಕ್ಷೆ ಮಾಡಿದವನೇ "ಇಷ್ಟು ನಿಧಾನ ಬೇಡಮ್ಮ" ಎಂದು ಪಾಸು ಮಾಡಿದ. ಗಾಡಿಯೂ ತನ್ನ ಪರೀಕ್ಷೆ ಪಾಸಾಗಿ ಕಾಗದ ಪಡೆದು ಬಂತು. ಆದರೆ ಹಾಸ್ಟೆಲಿಗೆ ಯಾರು ಓಡಿಸಬೇಕು ಎಂಬ ಮಾತು ಬಂದಾಗ ಗಂಡನಿಗೆ ಸಂಶಯವೇ ಇರಲಿಲ್ಲ.

"ಲೈಸೆನ್ಸ್ ಇರೋದು ಬೇರೆ, ರೋಡಿಗಿಳಿಯೋದು ಬೇರೆ ಕಣೇ. ನಾನಿಲ್ವಾ? ನೀನು ಪಕ್ಕದಲ್ಲಿ ಆರಾಮಾಗಿ ಕೂತ್ಕೊ. ನಾಲ್ಕೂವರೆಗೆ ಎಬ್ಬಿಸು, ಸಾಕು."

ನೀಲಿಯಕ್ಕ ಮಗಳ ಮುಖ ನೋಡಿದಳು. ಮಗಳು ಎರಡೂ ಕೈ ಎತ್ತಿದಳು. "ಗಾಡಿ ರಿಪೇರಿ ನನ್ನ ಕೆಲಸ, ಮುಗೀತು. ಯಾರು ಓಡಿಸ್ತಾರೆ ಅನ್ನೋದು ನಿಮ್ಮಿಬ್ಬರದು."

ತಿಂಗಳ ಮೊದಲ ದಿನ. ನೂರಿಪ್ಪತ್ತು ಹೊದಿಕೆಗಳನ್ನು ಹಿಂದಿನ ಸಂಜೆಯೇ ಗಂಟು ಕಟ್ಟಿ ಗಾಡಿಯ ಹಿಂಬದಿಗೆ ತುಂಬಿ, ಮೇಲೆ ಟಾರ್ಪಾಲು ಬಿಗಿದಾಗಿತ್ತು. ಹಾಸ್ಟೆಲ್ ಮುಕ್ಕಾಲು ಗಂಟೆಯ ದಾರಿ. ನೀಲಿಯಕ್ಕ ನಾಲ್ಕಕ್ಕೆ ಎದ್ದಳು. ಉರಿ ಹಾಕಿದಳು, ಹಾಲು ಕಾಯಿಸಿದಳು. ನಾಲ್ಕೂವರೆಗೆ ಸರಿಯಾಗಿ ಕೋಣೆಯ ಬಾಗಿಲಲ್ಲಿ ನಿಂತು ಕರೆದಳು.

"ರೀ, ಏಳಿ. ಹೊತ್ತಾಯ್ತು."

"ಐದು ನಿಮಿಷ" ಎಂದು ಗಂಡ ಗೋಡೆಯ ಕಡೆ ಹೊರಳಿದ.

ಅವಳು ಅಡುಗೆಮನೆಗೆ ಬಂದು ಅಕ್ಕಿ ತೊಳೆಯಲು ಪಾತ್ರೆ ತೆಗೆದಳು. ಇನ್ನೊಂದು ಸಲ ಕರೆದರೆ "ಎದ್ದೆ, ಎದ್ದೆ." ಇನ್ನೊಂದು ಸಲಕ್ಕೆ ಸಿಡುಕು. ಆಮೇಲೆ ಮುಖ ತೊಳೆಯಬೇಕು, ಟವೆಲ್ ಹುಡುಕಬೇಕು, ಮಂಡಿಗೆ ಎಣ್ಣೆ ಹಚ್ಚಬೇಕು, ಟೀ ಕುಡಿಯಬೇಕು, ಸೀಟು ಹಿಂದಕ್ಕೆ ತಳ್ಳಬೇಕು. ಅಷ್ಟರಲ್ಲಿ ಗೇಟು ಹಾಕಿರುತ್ತಾರೆ. ಗೋಡೆಯ ಮೇಲಿನ ಪುಟಗಳನ್ನು ಮೊದಲ ಸಾಲಿನಿಂದ ಕೊನೆಯವರೆಗೆ ಓದಿದಳು. ಉಪ್ಪು ಎಲ್ಲಿದೆ, ಅನ್ನಕ್ಕೆ ನೀರೆಷ್ಟು, ಎಲ್ಲ ಅವುಗಳಲ್ಲಿತ್ತು. ಯಾರು ಬೇಕಾದರೂ ಮಾಡಬಹುದಿತ್ತು.

ನಾಲ್ಕು ಮುಕ್ಕಾಲಾಯಿತು. ಎರಡನೆಯ ಸಲ ಕರೆಯುವ ಹೊತ್ತು.

ನೀಲಿಯಕ್ಕ ಖಾಲಿ ಪಾತ್ರೆಯನ್ನು ಎಲ್ಲರಿಗೂ ಕಾಣುವಂತೆ ಒಲೆಯ ಪಕ್ಕ ಇಟ್ಟಳು. ಮೊಳೆಯಿಂದ ಕೀಲಿಕೈ ತೆಗೆದುಕೊಂಡು, ಚಪ್ಪಲಿ ಮೆಟ್ಟಿ ಹಿತ್ತಿಲಿಗೆ ನಡೆದಳು. ಗಾಡಿ ಹತ್ತಿ ಕೂತು, ಸೀಟನ್ನು ಅದರ ಹಳಿಯ ಮೇಲೆ ನಾಲ್ಕು ಹಲ್ಲು ಮುಂದಕ್ಕೆ ಎಳೆದು, ಕೀಲಿ ತಿರುಗಿಸಿದಳು.